ಆಮೆಯ ಸಿನಿಮಾದಲ್ಲಿ ಭೂಕಂಪ

ಬೇಡವೇ ಬೇಡ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವರು ಗಣಿತದ ಮೇಷ್ಟ್ರು. ಹಾಗಾಗಿ ಕೆಲಸ ಅವರ ತಲೆಗೇ ಬಂತು.

ಏಳನೇ ತರಗತಿಯ ಮಕ್ಕಳು ಜೇಡಿಮಣ್ಣಿನ ಬೊಂಬೆ ಮಾಡಿ, ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ ತೆಗೆದು, ಅವನ್ನೆಲ್ಲ ಸಾಲಾಗಿ ಓಡಿಸಿ ಸಿನಿಮಾ ಮಾಡಬೇಕು, ಎಲ್ಲ ಪಾಠಗಳನ್ನೂ ಅದರಲ್ಲೇ ಕಲಿಯಬೇಕು ಎಂಬುದು ಹೆಡ್‌ಮಿಸ್ ಆಸೆ. ಮಣ್ಣಲ್ಲಿ ಆಡಿದರೆ ಮಗ್ಗಿ ಬರುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ನಿಮ್ಮಷ್ಟು ಪುರುಸೊತ್ತು ಬೇರೆ ಯಾರಿಗೂ ಇಲ್ಲ ಎಂದರು ಹೆಡ್‌ಮಿಸ್.

ಬೆಟ್ಟದ ಮೇಲಿನ ಆಮೆಯೊಂದು ನದಿಯ ಜೊತೆ ನಡೆದು ಸಮುದ್ರ ಸೇರುವುದು ಕಥೆ. ವಿಜ್ಞಾನದ ಟೀಚರ್ ನಡುವೆ ನೀರು ಆವಿಯಾಗಲಿ ಎಂದರು. ಭೂಗೋಳದ ಮೇಷ್ಟ್ರು ಕಣಿವೆ ಬೇಕೆಂದರು. ಭಾಷೆಯ ಟೀಚರ್ ಆಮೆಯ ಬಾಯಲ್ಲಿ ಗಾದೆಗಳನ್ನು ತುರುಕಿದರು. ಪಾಪದ ಆಮೆ ಹೆಜ್ಜೆಗೊಂದು ಪಾಠ ಹೊತ್ತು ಹೊರಟಿತು.

ಗಣಿತದ ಮೇಷ್ಟ್ರು ಮೂಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಕಿವಿ ಮಾತ್ರ ಮಕ್ಕಳ ಕಡೆ. ಸೆಕೆಂಡಿಗೆ ಹನ್ನೆರಡು ಫೋಟೋ ಆದರೆ ಆಮೆ ಸೇತುವೆ ದಾಟಲು ಪ್ರತಿ ಸಲ ಎಷ್ಟು ಸರಿಯಬೇಕು ಎಂದು ಅಲ್ಲಿ ಜಗಳ ನಡೆದಿತ್ತು. ಎಲ್ಲರೂ ಚಿನಕುರಳಿ ಎಂದು ಕರೆಯುತ್ತಿದ್ದ ಹುಡುಗಿ ಬಾಯಲ್ಲೇ ಭಾಗಾಕಾರ ಮಾಡಿ ಗೆಳೆಯರನ್ನು ಗದರುತ್ತಿದ್ದಳು. ಹೋದ ಪರೀಕ್ಷೆಯಲ್ಲಿ ಅದೇ ಭಾಗಾಕಾರಕ್ಕೆ ಅವಳು ಸೊನ್ನೆ ತೆಗೆದುಕೊಂಡಿದ್ದಳು. ಮೇಷ್ಟ್ರಿಗೆ ಖುಷಿಯಾಗಬೇಕಿತ್ತು, ಆದದ್ದು ಹೊಟ್ಟೆಯುರಿ. ತಾವು ಗಂಟಲು ಹರಿದುಕೊಂಡರೂ ತಲೆಗೆ ಹತ್ತದ್ದನ್ನು ಒಂದು ಹಿಡಿ ಮಣ್ಣು ಹತ್ತಿಸಿತ್ತು.

ಅಷ್ಟರಲ್ಲಿ ಅವಳ ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕಂತಾಯಿತು. ಸಿಕ್ಕಿಬಿದ್ದಳು ಎಂಬ ಹುರುಪಿನಲ್ಲಿ ಮೇಷ್ಟ್ರು ಎದ್ದು ಧಾವಿಸಿದರು. ಹೊಟ್ಟೆ ಮಕ್ಕಳ ಬೊಂಬೆಗಳಿದ್ದ ಮೇಜಿಗೆ ಬಡಿಯಿತು. ಬೆಟ್ಟ ಬಾಗಿತು, ಸೇತುವೆ ಮುರಿಯಿತು, ಆಮೆ ಅಂಗಾತ ಬಿತ್ತು. ಲೆಕ್ಕವೇನೋ ಸರಿಯಾಗಿಯೇ ಇತ್ತು.

ತಪ್ಪಾಯಿತು ಎಂಬ ಮಾತು ಮೇಷ್ಟ್ರ ನಾಲಗೆಯ ತುದಿಗೆ ಬಂದು, ಅಭ್ಯಾಸವಿಲ್ಲದ್ದರಿಂದ ಅಲ್ಲೇ ನಿಂತಿತು. ಚಿನಕುರಳಿ ಬಿದ್ದದ್ದನ್ನೆಲ್ಲ ಕ್ಯಾಮೆರಾದಲ್ಲಿ ನೋಡಿದಳು.

"ಯಾರೂ ಮುಟ್ಟಬೇಡ್ರೋ," ಎಂದಳು. "ಇದು ಭೂಕಂಪ ಅಂತ ಮಾಡೋಣ."

ಭೂಕಂಪ ಯಾಕಾಗುತ್ತದೆ ಎಂದು ತಿಳಿಯಲು ಇಬ್ಬರು ಭೂಗೋಳದ ಮೇಷ್ಟ್ರ ಬಳಿ ಓಡಿದರು. ಉಳಿದವರು ಬಿದ್ದದ್ದರ ಫೋಟೋ ತೆಗೆದುಕೊಂಡು ಬೆಟ್ಟವನ್ನು ಮತ್ತೆ ಕಟ್ಟಿದರು. ಆದರೆ ಒಂದೇ ಏಟಿಗೆ ಬಿದ್ದರೆ ಸಿನಿಮಾದಲ್ಲಿ ಕಾಣುವುದಿಲ್ಲ. ಭೂಮಿ ಸ್ವಲ್ಪ ಸ್ವಲ್ಪವೇ ಅಲುಗಬೇಕು, ಮೇಜೋ ಭಾರ. ಎಲ್ಲರೂ ಮೇಷ್ಟ್ರ ಕಡೆ ನೋಡಿದರು.

ಮೇಷ್ಟ್ರು ಅಂಗಿಯ ತೋಳು ಮಡಚಿ ಮೇಜು ಹಿಡಿದರು. ಸೊನ್ನೆ ತೆಗೆದುಕೊಂಡ ಹುಡುಗಿ ಹೇಳಿದಷ್ಟೇ ಎಡಕ್ಕೆ, ಹೇಳಿದಷ್ಟೇ ಬಲಕ್ಕೆ.

"ಜಾಸ್ತಿ ಆಯ್ತು ಸಾರ್. ಇನ್ನೊಂದ್ಸಲ ಮಾಡಿ."

ಅವರು ಇನ್ನೊಂದು ಸಲ ಮಾಡಿದರು. ಗಂಟೆ ಬಾರಿಸಿದ್ದು ಅವರಿಗೂ ಕೇಳಲಿಲ್ಲ.

ಪ್ರದರ್ಶನದ ದಿನ ಆವಿಗೆ, ಕಣಿವೆಗೆ, ಗಾದೆಗಳಿಗೆ ಪೋಷಕರು ಮರ್ಯಾದೆಗೆ ತಲೆಯಾಡಿಸಿದರು. ಭೂಕಂಪಕ್ಕೆ ಮಾತ್ರ ಸಭಾಂಗಣವೇ ಚಪ್ಪಾಳೆ ಹೊಡೆಯಿತು. ಭೂಗೋಳದ ಮೇಷ್ಟ್ರು ಎದ್ದು ನಿಂತು ಕೈಮುಗಿದು, ತಮ್ಮ ಪಾಠದ ಫಲ ಎಂದು ವಿನಯದಿಂದ ಒಪ್ಪಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಗಣಿತದ ಮೇಷ್ಟ್ರು ಅರ್ಧ ಎದ್ದು ಮತ್ತೆ ಕೂತರು.

ಹೊರಗೆ ಬರುವಾಗ ಚಿನಕುರಳಿ ಎದುರಾಗಿ, ಮುಂದಿನ ಸಲ ಜ್ವಾಲಾಮುಖಿ ಇದೆ, ಬರುತ್ತೀರಾ ಎಂದು ಕೇಳಿದಳು. ಪುರುಸೊತ್ತಾದರೆ ನೋಡೋಣ ಎಂದರು ಮೇಷ್ಟ್ರು. ಮಾರನೆಯ ಬೆಳಿಗ್ಗೆ ಹೆಡ್‌ಮಿಸ್ ಕೋಣೆಗೆ ಎಲ್ಲರಿಗಿಂತ ಮೊದಲು ಹೋಗಿ, ಈ ಹುಚ್ಚಾಟವನ್ನು ಬೇರೆಯವರ ಕೈಗೆ ಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ, ಅದಕ್ಕೇ ಬೇರೆ ದಾರಿಯಿಲ್ಲದೆ ತಾವೇ ಮುಂದುವರಿಸುವುದಾಗಿ ತಿಳಿಸಿದರು.