ಮೂರನೆಯ ಮಗ್ಗುಲು

ಮೂವತ್ತು ವರ್ಷದ ಜಗಳ ಒಂದು ಭಾನುವಾರ ಮಧ್ಯಾಹ್ನ ತಟ್ಟನೆ ಮುಗಿದುಹೋಯಿತು.

"ನೀನು ಹೇಳೋದೇ ಸರಿ ಬಿಡಯ್ಯ," ಎಂದರು ಭಾವ. "ಆ ಡಬಲ್ ಆಲ್ಬಂ ಉದ್ದವೇ ಆಯ್ತು. ಒಂದು ತಟ್ಟೆ ಸಾಕಿತ್ತು."

ಮಾರುತ್ತರಕ್ಕೆ ಬಾಯಿ ತೆರೆದಿದ್ದ ಕತ್ತರಿ ಹಾಗೆಯೇ ಕುಳಿತ.

ಕತ್ತರಿ ಎಂಬುದು ಭಾವ ಇಟ್ಟ ಹೆಸರು. ಅವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಹೆಚ್ಚಾದ ಅಕ್ಷರ, ಎರಡು ಸಲ ಬಂದ ಪದಗಳನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತಲೇ ಐವತ್ತೆಂಟು ತುಂಬಿತ್ತು. ಮದುವೆಯ ಯೋಗ ಕೂಡಿಬರಲಿಲ್ಲ. ಭಾವ ಅವನ ಅಕ್ಕನ ಗಂಡ. ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು.

ಇಬ್ಬರಿಗೂ ಜೀವ ಒಂದೇ ಹಳೆಯ ರಾಕ್ ಬ್ಯಾಂಡಿನ ಮೇಲೆ. ನಾಲ್ಕು ಜನರ ಆ ತಂಡ ಮೊದಲು ಮೂವತ್ತೈದು ನಿಮಿಷದ ಒಂದು ರೆಕಾರ್ಡು ತಂದಿತ್ತು; ಎರಡು ವರ್ಷದ ಮೇಲೆ ಎರಡು ತಟ್ಟೆ, ನಾಲ್ಕು ಮಗ್ಗುಲಿನ ಡಬಲ್ ಆಲ್ಬಂ. ಚಿಕ್ಕದೇ ಚಿನ್ನ ಎಂದು ಕತ್ತರಿ. ದೊಡ್ಡದರ ಮುಂದೆ ಅದು ಬರೀ ಪೀಠಿಕೆ ಎಂದು ಭಾವ. ಎತ್ತು ಏರಿಗೆಳೆದರೆ ಕೋಣ ನೀರಿಗೆ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಭಾವ!"

"ಮುದುರಿಕೊಂಡು ಮಲಗೋನಿಗೆ ನಿದ್ದೆ ಬರುತ್ತೇನೋ?"

ಮೊದಲ ತಟ್ಟೆ ಮುಗಿಯುವಷ್ಟರಲ್ಲಿ ದನಿ ಏರಿ, ಅಕ್ಕ ಬಂದು ಯಂತ್ರ ಆರಿಸುತ್ತಿದ್ದಳು. "ಹಾಡು ಅವರದು, ಕಿರುಚಾಟ ನಿಮ್ಮದು. ನನಗೆ ಎರಡೂ ಬೇಡ," ಎಂದು ಚಹಾ ಇಟ್ಟು ಹೋಗುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷ. ಆಮೇಲೆ ಇಬ್ಬರನ್ನೂ ಕಟ್ಟಿಹಾಕಿದ್ದ ದಾರವೆಂದರೆ ಈ ಜಗಳವೊಂದೇ.

"ಏನಾಯ್ತು ಭಾವ? ಹುಷಾರಿಲ್ವಾ?" ಎಂದ ಕತ್ತರಿ.

ಭಾವ ಕಿವಿಯ ಯಂತ್ರವನ್ನು ಬೆರಳಿನಿಂದ ಮುಟ್ಟಿದರು. "ಎದುರಿಗೆ ಕೂತು ಮಾತಾಡಿದ್ರೆ ಇದು ಪರವಾಗಿಲ್ಲ. ಹಾಡು ಹಾಕಿದ್ರೆ ಮೊಳೆ ತುಂಬಿದ ಡಬ್ಬ ಅಲ್ಲಾಡಿಸಿದ ಹಾಗಿರುತ್ತೆ. ಒಂದು ವರ್ಷದಿಂದ ನೆನಪಿನ ಮೇಲೇ ವಾದ ಮಾಡ್ತಿದ್ದೆ. ಈಗ ಅದೂ ಜಾರ್ತಿದೆ. ಕೇಳದೆ ಇರೋದರ ಪರವಾಗಿ ಕೂಗಾಡೋದು ಸುಳ್ಳು ಸಾಕ್ಷಿ ಹೇಳಿದ ಹಾಗೆ ಕಣಯ್ಯ." ಎದ್ದು ಆ ಡಬಲ್ ಆಲ್ಬಮ್ಮನ್ನು ತಂದು ಅವನ ತೊಡೆಯ ಮೇಲಿಟ್ಟರು. "ನೀನೇ ಇಟ್ಕೋ."

ಕತ್ತರಿ ಅದನ್ನು ತೆಗೆದುಕೊಂಡು ಎದ್ದ. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಬಂದ. ಗೆದ್ದಿದ್ದ. ಮನೆಗೆ ಬಂದು ಹೇಳಿಕೊಳ್ಳಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ವಾರವಿಡೀ ಅಚ್ಚುಕೂಟದಲ್ಲಿ ಮುಂದಿನ ಭಾನುವಾರಕ್ಕೆಂದು ಮಾತು ಹೊಸೆಯಲು ಹೋಗಿ, ಯಾರಿಗೆ ಎಂದು ನೆನಪಾಗಿ ನಿಲ್ಲಿಸುತ್ತಿದ್ದ.

ಶನಿವಾರ ಅರ್ಧ ದಿನ ರಜೆ. ಊಟದ ತಟ್ಟೆ ತೊಳೆದಿಟ್ಟು, ರೆಕಾರ್ಡಿನ ಮೊದಲ ಮಗ್ಗುಲು ಹಾಕಿದ. ಎರಡನೆಯದು ಹಾಕಿದ. ಮೂರನೆಯದಕ್ಕೆ ಮುಳ್ಳು ಇಳಿಸಿದಾಗ ಕೈ ನಿಂತಿತು. ಈ ಹಾಡು ಅವನಿಗೆ ಗೊತ್ತೇ ಇರಲಿಲ್ಲ. ಎರಡನೇ ತಟ್ಟೆಯನ್ನು ಅವನು ಎಂದೂ ಕೇಳಿಯೇ ಇರಲಿಲ್ಲ; ಯಾವಾಗಲೂ ಅಷ್ಟರೊಳಗೆ ಜಗಳ ಹತ್ತಿಬಿಡುತ್ತಿತ್ತು.

ಆ ಮಗ್ಗುಲಿನಲ್ಲೊಂದು ಹಾಡು ಶುರುವಾಗಿ ತಪ್ಪುತ್ತದೆ. ಡ್ರಮ್ಮಿನವನು ಮುಂದೆ ಓಡಿದ್ದಾನೆ. ಯಾರೋ ನಗುತ್ತಾರೆ, ಹಾಡುವವನು ಕೆಮ್ಮುತ್ತಾನೆ, ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾರೆ. ಕರಡಿನಲ್ಲಿ ಕಂಡಿದ್ದರೆ ಎರಡು ಗೆರೆ ಎಳೆದು ಹೊಡೆಯುತ್ತಿದ್ದ. ಆದರೆ ಆ ನಗು ಪಕ್ಕದ ಕೋಣೆಯಿಂದ ಬಂದಂತಿತ್ತು. ಮನೆಯಲ್ಲಿ ನಾಲ್ಕು ಜನ ಇದ್ದಂತಿತ್ತು. ಅವನು ಅದನ್ನೇ ಮೂರು ಸಲ ಹಾಕಿದ. ತಕ್ಷಣ ಫೋನ್ ಮಾಡೋಣವೆನಿಸಿತು. ಭಾವನಿಗೆ ಫೋನಿನಲ್ಲಿ ಏನೂ ತಿಳಿಯುವುದಿಲ್ಲ.

ಭಾನುವಾರ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನ ಹೇಳಿದ. "ಭಾವ, ನನ್ನದೊಂದು ತಪ್ಪಾಗಿದೆ. ಮೂರನೇ ಮಗ್ಗುಲು ನಾನು ನಿನ್ನೆ ಮೊದಲ ಸಲ ಕೇಳಿದೆ."

"ಏನಂದೆ?"

ಮತ್ತೆ ಹೇಳಿದ.

"ಮೂವತ್ತು ವರ್ಷ ಕೇಳದೇ ಬೈದೆಯಾ?" ಭಾವನ ಮುಖ ಕೆಂಪಾಯಿತು. ಬೈಯಲಿ, ದೊಡ್ಡ ಜಗಳವಾಗಲಿ ಎಂದು ಕತ್ತರಿ ಆಸೆಯಿಂದ ಕಾದ. ಆದರೆ ಅವರ ಕೋಪ ಬಂದಷ್ಟೇ ಬೇಗ ಇಳಿಯಿತು.

"ಹಾಗಾದ್ರೆ ಅಷ್ಟು ವರ್ಷ ಆ ಮಗ್ಗುಲನ್ನ ನಾನೊಬ್ಬನೇ ಕೇಳ್ತಿದ್ದೆ," ಎಂದರು. "ನೀನೂ ಜೊತೆಗಿದ್ದೀಯ ಅಂದ್ಕೊಂಡಿದ್ದೆ."

ಆಮೇಲೆ ಅವರೇ ಕೇಳಿದರು: "ಆ ತಪ್ಪೋ ಹಾಡು. ಮತ್ತೆ ಶುರು ಮಾಡುವಾಗ ಮೊದಲು ಬರೋದು ಗಿಟಾರೋ, ದನಿಯೋ? ನಂಗೆ ಮರೆತುಹೋಗಿದೆ."

"ದನಿ," ಎಂದ ಕತ್ತರಿ. "ಒಂದು ಸಾಲು ಬರೀ ದನಿ. ಆಮೇಲೆ ಗಿಟಾರು."

"ಹೇಗಿತ್ತು?"

ಹೇಳಲು ಪ್ರಯತ್ನಿಸಿದ. ಚೆನ್ನಾಗಿತ್ತು ಎಂದ. ಮೆತ್ತಗಿತ್ತು ಎಂದ. ಬದುಕೆಲ್ಲ ಪದಗಳನ್ನು ತಿದ್ದಿದವನಿಗೆ ಒಂದು ಪದ ಹೊಳೆಯಲಿಲ್ಲ. ಭಾವ ಅವನ ತುಟಿಗಳನ್ನೇ ನೋಡುತ್ತಿದ್ದರು. ಕೊನೆಗೆ, ಸಾಕು ಎನ್ನುವಂತೆ ಅವನ ಮಂಡಿ ತಟ್ಟಿದರು.

ಕತ್ತರಿ ಈಗಲೂ ಪ್ರತಿ ಭಾನುವಾರ ಹೋಗುತ್ತಾನೆ. ನಲ್ಲಿ ಸೋರುವುದು, ಮೆಟ್ಟಿಲ ದೀಪ ಕೆಟ್ಟಿರುವುದು, ಇಂಥವೇ ಮಾತು. ದೊಡ್ಡದು ಮೇಲೋ ಚಿಕ್ಕದು ಮೇಲೋ ಎಂಬುದು ಅವನಿಗೀಗ ಖಾತ್ರಿಯಿಲ್ಲ. ಅದನ್ನು ಕೇಳುವವರೂ ಇಲ್ಲ.