ಆಟೊ ಹಿಡಿಸದ ಓಣಿ

ಚಿದಾನಂದಪ್ಪನವರ ಖಾಲಿ ಸೈಟಿನಲ್ಲಿ ಕಾಂಪೌಂಡ್ ಗೋಡೆಗೆ ದಾರ ಹಿಡಿದದ್ದು ಕಂಡು ಗೌತಮಿ ಆ ದಿನ ಗಾರ್ಮೆಂಟ್ ಕೆಲಸಕ್ಕೆ ಹೋಗಲಿಲ್ಲ.

ಅವಳ ಅಪ್ಪ ಉಚ್ಚೆಂಗೆಪ್ಪ ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಮೂಟೆ ಹೊತ್ತು ಬದುಕಿದವನು. ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋಯಿತು, ಆಮೇಲೆ ಕಿಡ್ನಿ ಕೈಕೊಟ್ಟಿತು. ಕುರುಗೋಡಿನ ಮಗಳ ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಹೋಗಬೇಕಾಗಿತ್ತು. ಅಳಿಯ ಮಾರೇಶನ ಆಟೊ ಆ ಖಾಲಿ ಸೈಟಿನ ಮೇಲೆ ಹಾಯ್ದು ಮನೆ ಬಾಗಿಲ ತನಕ ಬರುತ್ತಿತ್ತು. ಮುದುಕನನ್ನು ಎತ್ತಿ ಕೂರಿಸಿದರೆ ಮುಗಿಯಿತು.

"ಅಣ್ಣಾರ, ಆಟೊ ಹಾಯುವಷ್ಟು ಜಾಗ ಬಿಟ್ಟು ಕಟ್ಟಿಸ್ರಿ," ಎಂದಳು ಗೌತಮಿ.

ಚಿದಾನಂದಪ್ಪ ಕೆಟ್ಟ ಮನುಷ್ಯನಲ್ಲ. ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದರು. "ನಿಮ್ಮಪ್ಪನ ತ್ರಾಸು ನಂಗ ಗೊತ್ತೈತವ್ವ. ಇವತ್ತು ದಾರಿ ಬಿಟ್ರ ನಾಳಿ ಅದು ಹಕ್ಕಾಗತೈತಿ. ಇನ್ನೊಂದು ಜಾಗಕ್ಕ ಹಂಗಾಗೇ ಕೋರ್ಟಿಗೆ ಅಲೆದೀನಿ. ಪರ್ಮಿಷನ್ ತಗೊಂಡೇ ಕಟ್ಟಸಾಕ ಹತ್ತೀನಿ."

ಗಂಡಹೆಂಡತಿ ಪರ್ಮಿಷನ್ ಕೊಟ್ಟ ಕಚೇರಿಗೆ ಹೋದರು. ಎಂಜಿನಿಯರ್ ಜಯಶ್ರೀ ನಕ್ಷೆ ಬಿಡಿಸಿ ತೋರಿಸಿದರು. ಗೌತಮಿಯ ಮನೆಗೆಂದು ಅದರಲ್ಲಿದ್ದದ್ದು ಚರಂಡಿ ಪಕ್ಕದ ಕಾಲುದಾರಿ ಒಂದೇ.

"ಗ್ವಾಡಿ ಅವರ ಹದ್ದಿನೊಳಗೈತಿ, ಎತ್ತರನೂ ನಿಯಮದೊಳಗೈತಿ. ತಡಿಯಾಕ ನಮಗ ಬರಂಗಿಲ್ಲ."

"ಮನುಷ್ಯಾ ಸತ್ರನೂ ಬರಂಗಿಲ್ಲೇನ್ರಿ?" ಎಂದಳು ಗೌತಮಿ.

ಜಯಶ್ರೀ ನಕ್ಷೆಯಲ್ಲಿ ಮನೆಯ ಹಿಂಭಾಗಕ್ಕೆ ಬೆರಳಿಟ್ಟರು. "ನಿಮ್ಮ ಹಿತ್ತಲ ಗ್ವಾಡಿಗೆ ಗೇಟ್ ಇಡ್ರಿ, ಹಿಂದ ಕಾಲುವಿ ಏರಿ ಐತಲ್ಲ, ಅದರ ಮ್ಯಾಲೆ ಆಟೊ ಬರ್ತೈತಿ. ಕಾಲುವಿಯೋರ ಒಪ್ಪಿಗಿ ತರ್ರಿ, ಅವತ್ತೇ ಪರ್ಮಿಷನ್ ಕೊಡಸ್ತೀನಿ."

ಮಾರೇಶ ಬಾಡಿಗೆ ಬಿಟ್ಟು ಅದಕ್ಕಾಗಿ ನೀರಾವರಿ ಕಚೇರಿಗೆ ಅಲೆದ. ಏರಿಯ ಕಡೆಗೆ ಖಾಸಗಿ ಗೇಟು ತೆರೆಯಲು ಅವಕಾಶವಿಲ್ಲ ಎಂದು ಉತ್ತರ ಬರುವ ಹೊತ್ತಿಗೆ ಇತ್ತ ಗೋಡೆ ಎದ್ದು ನಿಂತಿತ್ತು.

ಅಲ್ಲಿಂದ ಮುಂದೆ ಉಚ್ಚೆಂಗೆಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಆ ಕಾಲುದಾರಿಯಲ್ಲಿ ಹೊತ್ತರು. ಕರೆಂಟ್ ಕಂಬದ ತಿರುವಿನಲ್ಲಿ ಕುರ್ಚಿ ಹಿಡಿಸುತ್ತಿರಲಿಲ್ಲ. ಅಲ್ಲಿ ಮಾರೇಶ ಮಾವನನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ಚರಂಡಿ ಕಲ್ಲಿನ ಮೇಲೆ ಅವನ ಕಾಲು ಜಾರಿತು. ಮುದುಕನ ಡಯಾಲಿಸಿಸ್ ಸೂಜಿ ಚುಚ್ಚುವ ತೋಳೇ ಹೊಸ ಸಿಮೆಂಟಿಗೆ ಉಜ್ಜಿ ರಕ್ತ ಸುರಿಯಿತು. ಎದುರು ಮನೆಯವರೆಲ್ಲ ಹೊರಗೆ ಬಂದು ನೋಡಿದರು.

ಸಂಜೆ ಮಾರೇಶ ಹಾರೆ ತಂದ.

"ಕೆಳಗಿಡೋ ಅದನ್ನ," ಎಂದ ಉಚ್ಚೆಂಗೆಪ್ಪ ಮಂಚದಿಂದ. "ಅವರ ಕೈಯಾಗ ಕಾಗದ ಐತಿ. ನಿನ್ನ ಕೈಯಾಗ ಆಟೊ ಒಂದೈತಿ. ಅದನ್ನೂ ಸ್ಟೇಷನ್ ಮುಂದ ನಿಲ್ಲಸ್ತೀಯೇನು?"

ಮಾರೇಶ ಹಾರೆಯನ್ನು ಬಾಗಿಲಿಗೆ ಆನಿಸಿಟ್ಟು ಅಲ್ಲೇ ಕುಕ್ಕರಿಸಿದ.

ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಮುದುಕ "ಇವತ್ತು ಬ್ಯಾಡ" ಎಂದ. ಅದರ ಮುಂದಿನ ಸಲವೂ ಅದನ್ನೇ ಅಂದ. ಗೌತಮಿಗೆ ಅರ್ಥವಾಯಿತು.

"ಯಪ್ಪಾ, ನಾನಾ ಹೊರ್ತೀನಿ ಬಾ."

"ಜೀವಮಾನೆಲ್ಲ ಮೂಟಿ ಹೊತ್ತೋನು ನಾ. ಈಗ ಓಣಿ ಮಂದಿ ಮುಂದ ಮೂಟಿಯಾಗಿ ಹೋಗಾಕ ಒಲ್ಲೆ."

ಸುದ್ದಿ ತಿಳಿದು ಚಿದಾನಂದಪ್ಪ ಬಂದು ಹೊಸ್ತಿಲ ಹತ್ತಿರ ನಿಂತರು. "ಅಂಗಡಿ ಆಳುಗಳ್ನ ಕಳಸ್ತೀನಿ, ಹುಷಾರಾಗಿ ಹೊರ್ತಾರ."

"ಆಳು ಬ್ಯಾಡ್ರಿ," ಎಂದಳು ಗೌತಮಿ. "ನಿಮ್ಮ ಗ್ವಾಡಿಗೆ ಒಂದು ಗೇಟ್ ಇಡ್ರಿ."

ಅವರು ಕಾಲುಬೆರಳು ನೋಡಿಕೊಂಡರು. "ನಮ್ಮ ಮಕ್ಕಳು ಒಪ್ಪಂಗಿಲ್ಲವ್ವ."

ಉಚ್ಚೆಂಗೆಪ್ಪನ ಮುಖ ಊದಿತು, ಉಸಿರು ಭಾರವಾಯಿತು. ಕೊನೆಗೆ ಅವನ ಮಾತು ಕೇಳದೆ ಮಾರೇಶ ಆಟೊ ತಂದು ರಸ್ತೆಯಲ್ಲಿ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ, ಮುದುಕ ಮಗಳ ಕೈ ಹಿಡಿದುಕೊಂಡೇ ಜೀವ ಬಿಟ್ಟಿದ್ದ.

ಚಟ್ಟವೂ ಆ ತಿರುವಿನಲ್ಲಿ ಹಿಡಿಸಲಿಲ್ಲ. ಮಾರೇಶ ಮಾವನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ರಸ್ತೆಗೆ ಬಂದ. ಅಲ್ಲಿ ಚಿದಾನಂದಪ್ಪ ಅಂಗಡಿ ಮುಚ್ಚಿ, ಹೂವಿನ ಹಾರ ಹಿಡಿದು ನಿಂತಿದ್ದರು. ಗೌತಮಿಗೆ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಹಾರ ಇಸಿದುಕೊಂಡು ಅಪ್ಪನ ಎದೆಯ ಮೇಲಿಟ್ಟಳು.