ಅಲ್ಫಿಯೊನ ಪಾಲು

ಅಮೆರಿಕದ ಒಮಾಹಾ ಊರಿನ ದನದ ಮಂಡಿಯ ಪಕ್ಕ ಸೆಬಾಸ್ತಿಯಾನೊ, ದನದ ಮಾಂಸದ ದಪ್ಪ ಹೋಳು ಕೆಂಡದ ಮೇಲೆ ಸುಟ್ಟು ಬಡಿಸುವ ಸ್ಟೀಕ್ ಹೋಟೆಲು ತೆರೆದು ಎಪ್ಪತ್ತೆಂಟು ವರ್ಷ. ಮಂಡಿ ಮುಚ್ಚಿತು, ಹೋಟೆಲು ಉಳಿಯಿತು. ಸ್ಟೀಕ್ ಜೊತೆ ಒಂದು ಬಟ್ಟಲು ಶಾವಿಗೆಯಂಥ ಸ್ಪಗೆಟ್ಟಿ ಕೊಡುವ ಪದ್ಧತಿಯೂ ಉಳಿಯಿತು. ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಪದ್ಧತಿಯಿತ್ತು. ಮಾಂಸದ ಶೀತಕೋಣೆಯ ಒಳಗಿನಿಂದ ಯಾರೋ ತಟ್ಟಿದರೆ ಬಾಗಿಲು ತೆರೆಯಬಾರದು. ಒಂದು ಸ್ಟೀಕ್ ಚೆನ್ನಾಗಿ ಬೇಯಿಸಿ ಮೂಲೆಯ ಖಾಲಿ ಮೇಜಿಗೆ ಬಡಿಸಬೇಕು. ಸದ್ದು ನಿಲ್ಲುತ್ತದೆ.

ತಟ್ಟುವವನು ಸೆಬಾಸ್ತಿಯಾನೊನ ತಮ್ಮ ಅಲ್ಫಿಯೊ. ಹೋಟೆಲಿನ ಮೂರನೇ ವರ್ಷ, ಗಿರಾಕಿಗಳು ಕಿಕ್ಕಿರಿದ ಒಂದು ಭಾನುವಾರ ಮಾಂಸ ತರಲು ಒಳಗೆ ಹೋದವನ ಹಿಂದೆ, ಒಳಗಿನಿಂದ ತೆರೆಯಲು ಬಾರದ ಬಾಗಿಲು ಬಿದ್ದುಕೊಂಡಿತು. ತಟ್ಟಿದ್ದು ಅಣ್ಣನಿಗೆ ಕೇಳಿಸಿತ್ತು. ‘ತಡಿಯೋ, ಇದೊಂದು ತಿರುವಿ ಬರ್ತೀನಿ’ ಎಂದ. ಒಂದು ಹೋಗಿ ಇಪ್ಪತ್ತಾಯಿತು. ಬಾಗಿಲು ತೆಗೆದಾಗ ತಮ್ಮ ಹೆಣವಾಗಿದ್ದ. ಆ ಪಾಪಕ್ಕೆ ಪ್ರಾಯಶ್ಚಿತ್ತ ಒಂದು ತಟ್ಟೆ ಮಾಂಸವಂತೆ! ಮನುಷ್ಯನ ಬುದ್ಧಿಗೆ ಏನನ್ನೋಣ.

ಈಗ ಒಲೆಯ ಮುಂದೆ ನಿಲ್ಲುವವಳು ಸೆಬಾಸ್ತಿಯಾನೊನ ಮೊಮ್ಮಗಳು ಸಂತೀನಾ. ಗಿರಾಕಿಗಳನ್ನು ನೋಡಿಕೊಳ್ಳುವವಳು ಅವಳ ತಂಗಿ ಆಗಾತಾ, ಬಾಯಿ ಜೋರು.

‘ಅಪ್ಪ ಹಾಕಿದ ಆಲದ ಮರ ಅಂತ ನೇಣು ಹಾಕ್ಕೊಳ್ತಾರೇನೇ ಅಕ್ಕಾ? ತಟ್ಟಿದಾಗ ಒಂದ್ಸಲ ಬಾಗಿಲು ತೆಗೆದು ನೋಡೋಣ.’

‘ಬಾಯಿ ಮುಚ್ಚೇ. ತೆಗೆದ್ರೆ ಒಬ್ಬರನ್ನ ಒಳಗೆ ಎಳ್ಕೊಳ್ತಾನಂತೆ. ತೆಗೆಯಲ್ಲ ಅಂತ ಅಪ್ಪನಿಗೆ ಸಂತ ಲೂಚಿಯಾ ಮೇಲೆ ಆಣೆ ಇಟ್ಟಿದೀನಿ.’

ಈಚೆಗೊಂದು ಭಾನುವಾರ ಪೂಜೆ ಮುಗಿಸಿಕೊಂಡು ಇಡೀ ಇಗರ್ಜಿಯೇ ಊಟಕ್ಕೆ ಬಂದಂತಿತ್ತು. ಶೀತಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಸಂತೀನಾ ಒಂದು ಸ್ಟೀಕ್ ಬೇಯಿಸಿ ಮೂಲೆಯ ಮೇಜಿಗೆ ಕಳಿಸಿದಳು. ಸದ್ದು ನಿಲ್ಲಲಿಲ್ಲ, ಇನ್ನೂ ಜೋರಾಯಿತು.

‘ನೆಲ್ಲೋ, ಆಗಾತಾ ಎಲ್ಲಿ?’

‘ಮಾಂಸ ತರ್ತೀನಿ ಅಂತ ಆಗ್ಲೇ ಹೋದ್ರಲ್ಲ’ ಎಂದ ಬಡಿಸುವ ನೆಲ್ಲೊ.

ಸಂತೀನಾ ಶೀತಕೋಣೆಯತ್ತ ತಿರುಗಿದಳು. ತಟ್ಟುತ್ತಿರುವುದು ತಂಗಿಯೋ, ಅಲ್ಫಿಯೊನೋ? ಕೆಂಡದ ಮೇಲೆ ಹನ್ನೆರಡು ಸ್ಟೀಕುಗಳಿದ್ದವು. ಇದೊಂದು ತಿರುವಿ ಹೋಗೋಣ ಎಂದು ಕೈ ತಾನಾಗಿಯೇ ಇಕ್ಕಳದತ್ತ ಚಾಚಿತು. ತನ್ನ ಕೈ ಕಂಡು ಅವಳಿಗೆ ಆದಷ್ಟು ಭಯ ಆ ಸದ್ದಿಗೂ ಆಗಿರಲಿಲ್ಲ. ಇಕ್ಕಳ ಎಸೆದು ಓಡಿದಳು, ಬಾಗಿಲು ಎಳೆದಳು.

ಬಾಗಿಲ ಬಳಿ ಯಾರೂ ಇರಲಿಲ್ಲ. ಕೊನೆಯ ಗೋಡೆಯ ಬುಡದಲ್ಲಿ ಆಗಾತಾ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಸಂತೀನಾ ಅವಳನ್ನು ಬಾಚಿ ತಬ್ಬಿಕೊಂಡಳು.

‘ಬಂದೆ ಕಣೇ, ನೀನು ತಟ್ಟಿದ್ದು ಕೇಳಿಸ್ತು.’

‘ಜಾರಿ ಬಿದ್ದು ಕಾಲು ಮುರೀತು ಅಕ್ಕಾ. ಬಾಗಿಲವರೆಗೆ ಬರೋಕೇ ಆಗ್ಲಿಲ್ಲ.’ ಆಗಾತಾಳ ಹಲ್ಲು ಕಟಕಟ ಎನ್ನುತ್ತಿತ್ತು. ‘ನಾನು ತಟ್ಟಲೇ ಇಲ್ಲ.’

ನೆಲ್ಲೊ ಬಂದು ಆಗಾತಾಳನ್ನು ಎತ್ತಿಕೊಂಡು ಹೋದ. ಸಂತೀನಾ ಹೊರಗೆ ಬಂದವಳು ಬಾಗಿಲು ಮುಚ್ಚಲಿಲ್ಲ. ಅಷ್ಟು ವರ್ಷ ಅಲ್ಫಿಯೊನಿಗೆ ಉಣ್ಣಿಸಿದ ಮನೆಯಲ್ಲಿ ಒಬ್ಬರೂ ಆಡದ ಮಾತನ್ನು ಅವಳು ಆಡಿದಳು.

‘ಚಿಕ್ಕಜ್ಜಾ, ನೀವೂ ಬನ್ನಿ.’

ತಣ್ಣಗಿನದೇನೋ ಅವಳ ತೋಳು ಸವರಿಕೊಂಡು ಮೆಲ್ಲಗೆ ಒಲೆಯ ಕಡೆ ಹೋಯಿತು.